ಕಂಬಕ್ಕೆ ಕಟ್ಟಿದ ಹಳದಿ ಸೀರೆ

ಬಂದರಿನ ಗುಡ್ಡದ ಮೇಲೆ ಒಂದು ಎತ್ತರದ ಕಂಬ, ಅದರ ಬುಡದಲ್ಲಿ ಎರಡು ಕೋಣೆಯ ಮನೆ. ದೊರೆಗಳ ಕಾಲದಲ್ಲಿ ಹಡಗುಗಳಿಗೆ ಬಾವುಟ ಏರಿಸಿ ಸುದ್ದಿ ಹೇಳುವುದು ಆ ಮನೆಯ ಯಜಮಾನನ ಕೆಲಸ. ಊರಿಗೆಲ್ಲ ಅವನು ಬಾವುಟದಣ್ಣ. ಮಾತು ಕಡಿಮೆ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ನೀಲಿ ಏರಿದರೆ ಒಳಗೆ ಬನ್ನಿ ಎಂದರ್ಥ. ಹಳದಿ ಏರಿದರೆ ಊರಲ್ಲಿ ಅಂಟುರೋಗವಿದೆ, ಹತ್ತಿರ ಸುಳಿಯಬೇಡಿ. ಒಮ್ಮೆ ಹಳದಿ ಕಂಡ ಹಡಗು, ಆಮೇಲೆ ಅದನ್ನು ಇಳಿಸಿದರೂ ನಂಬದೆ ಮುಂದಿನ ಬಂದರಿನ ದಾರಿ ಹಿಡಿಯುತ್ತಿತ್ತು.

ಹಾಗಾಗಿ ಬಣ್ಣದ ಬಟ್ಟೆಯೇನಿದ್ದರೂ ಮನೆಯ ಹಿಂದೆಯೇ ಒಣಗಬೇಕು. ಹೆಂಡತಿ ಮರೆತು ಒಂದು ರವಿಕೆ ಮುಂದೆ ಹಾಕಿದರೂ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ. ಒಬ್ಬಳೇ ಮಗಳನ್ನು ಹಡಗಿನ ಬಡಗಿಗೆ ಕೊಟ್ಟು ಕಳಿಸಿದ ದಿನವೂ ಈ ಮಹಾರಾಯ ಅಳಲಿಲ್ಲ. ಬೆನ್ನು ತಿರುಗಿಸಿ ಬಾವುಟದ ಹಗ್ಗ ಎಳೆಯುತ್ತಾ ನಿಂತಿದ್ದ. ಕಲ್ಲು ಮನಸ್ಸು ಎಂದು ಹೆಂಡತಿ ಬೈದಿದ್ದಳು.

ವರ್ಷಗಳ ಮೇಲೆ ಆ ಮಗಳು ಕೂಸಿನೊಂದಿಗೆ ಬರುವ ಸುದ್ದಿ ಬಂತು. ಬಾವುಟದಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳ ಹಡಗು ಬರುವ ದಿನ, ತೊಟ್ಟಿಲಿಗೆ ಹಾಸಲೆಂದು ಹೆಂಡತಿಯ ಹಳೆಯ ಹಳದಿ ಸೀರೆಯನ್ನು ತಾನೇ ಒಗೆದ. ಗಾಳಿಗೆ ಬೇಗ ಒಣಗಲಿ ಎಂದು ತಾನೇ ಮುಂದಿನ ಕಂಬಕ್ಕೆ ಕಟ್ಟಿದ. ಜೀವಮಾನವಿಡೀ ಹೆಂಡತಿಗೆ ಹೇಳಿದ್ದು ಅವನಿಗೇ ಮರೆತುಹೋಗಿತ್ತು.

ಒಲೆಯ ಮುಂದಿನಿಂದ ಎದ್ದು ಬಂದ ಹೆಂಡತಿ ಕಡಲು ನೋಡಿದಳು. "ಏನ್ರೀ, ಹಡಗು ಯಾಕೆ ತಿರುಗ್ತಿದೆ?"

ಅವನು ತಲೆಯೆತ್ತಿದ. ಸೀರೆ ಕಿತ್ತು ನೀಲಿ ಏರಿಸಿದ. ಹಡಗು ನಿಲ್ಲಲಿಲ್ಲ.

"ನನ್ನ ಕೈಯಾರೆ ನಾನೇ ಅವಳನ್ನ ವಾಪಸ್ ಕಳಿಸ್ದೆ ಕಣೇ."

ಹೆಂಡತಿ ಅವನ ಹೆಗಲ ಮೇಲೆ ಕೈಯಿಟ್ಟಳು, ಅಷ್ಟೆ. ಅವನು ಇಷ್ಟು ವರ್ಷ ತಡೆದದ್ದೆಲ್ಲ ಉಕ್ಕಿ ಬಂತು. ಕೈಯಲ್ಲಿದ್ದ ಸೀರೆಗೇ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತ.

ಎಷ್ಟೋ ಹೊತ್ತಿನ ಮೇಲೆ ಹೆಂಡತಿ ಅವನ ತೋಳು ಅಲುಗಿಸಿದಳು. ಹಡಗು ಹಿಂದಿರುಗಿ ಲಂಗರು ಹಾಕಿತ್ತು. ಅದರಿಂದ ಇಳಿದ ದೋಣಿಯೊಂದು ದಡದತ್ತ ಬರುತ್ತಿತ್ತು.

ಬಿದ್ದೆನೋ ಕೆಟ್ಟೆನೋ ಎಂದು ಇಬ್ಬರೂ ಗುಡ್ಡ ಇಳಿದರು. ಮಗಳು ಕೂಸನ್ನು ಅಪ್ಪನ ಕೈಗಿಟ್ಟಳು.

"ಹಳದಿ ನೋಡಿ ಕ್ಯಾಪ್ಟನ್ ಹೊರಟೇಬಿಟ್ಟಿದ್ರು ಅಪ್ಪ. ದೂರದಿಂದ್ಲಾದ್ರೂ ನಿಮ್ಮನ್ನ ನೋಡೋಣ ಅಂತ ದುರ್ಬೀನು ಇಸ್ಕೊಂಡೆ."

"ಅಮ್ಮನ ಸೀರೆ ಅಂತ ಗೊತ್ತಾಯ್ತಾ?"

"ಸೀರೆ ಗುರುತು ಸಿಗ್ಲಿಲ್ಲ. ನೀವು ಅದ್ರಲ್ಲಿ ಕಣ್ಣೊರೆಸ್ಕೊಳ್ತಿದ್ದದ್ದು ಕಾಣಿಸ್ತು. ನಮ್ಮಪ್ಪ ಬಾವುಟದಲ್ಲಿ ಕಣ್ಣೊರೆಸ್ಕೊಳ್ಳೋರಲ್ಲ, ಅದು ಮನೆ ಬಟ್ಟೆ, ಹಡಗು ತಿರುಗ್ಸಿ ಅಂದೆ."