ಅಕ್ಕ ಸೇರಿಸಿದ ಎರಡು ಇಂಚು

ಹೋದ ಭಾನುವಾರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ನಾನು ಅಂಕೋಲೆಯಲ್ಲಿ, ನನ್ನ ಅಕ್ಕನ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದೆ. ಕೈಯಲ್ಲಿ ಅವಳದೇ ಕತ್ತರಿ.

"ಕತ್ತರಿ ಹಾಕ್ಬೇಡ ತಮಾ," ಅಂದಳು ಅಕ್ಕ. "ಹೊಸಾದು ಅದು. ಹೊಲಿಗೆ ಬಿಚ್ಚು, ಸಾಕು."

ಅವಳ ಎಡಗಾಲಿನ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ ತಣ್ಣಗಿದ್ದವು. ಅಂಥ ಹೊತ್ತಿನಲ್ಲೂ ಅವಳಿಗೆ ಬಟ್ಟೆ ಹಾಳಾಗುವ ಚಿಂತೆ. ಓದಿ ನಗು ಬಂದರೆ ನಕ್ಕುಬಿಡಿ. ನನಗೆ ಆವತ್ತೂ ಬರಲಿಲ್ಲ, ಬರೆಯುವಾಗಲೂ ಬರುತ್ತಿಲ್ಲ.

ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ. ಇದರಲ್ಲಿ ನನ್ನ ಪಾಲೂ ಇದೆ.

ಅಕ್ಕ ಸುಲೋಚನಾ ಟೇಲರ್. ಮನೆಯ ಮುಂದಿನ ಕೋಣೆಯಲ್ಲೇ ಮಷಿನ್. ಮೂವತ್ತು ವರ್ಷದಿಂದ ಎರಡೂ ಕಾಲಿನಿಂದ ಪೆಡಲ್ ತುಳಿಯುತ್ತಿದ್ದಾಳೆ. (ಮೋಟಾರ್ ಹಾಕಿಸಿಕೊಡುತ್ತೇನೆಂದು ನಾನು ಹೇಳಿದ್ದು ಎಷ್ಟು ಸಲವೋ. ಹಾಕಿಸಿಲ್ಲ.) ಒಂದು ತಿಂಗಳ ಹಿಂದೆ ಮಗಳು ವಿದ್ಯಾಳ ಒತ್ತಾಯಕ್ಕೆ ಲೇಡಿ ಡಾಕ್ಟರ್ ಹತ್ತಿರ ಹೋದಳು. ಡಾಕ್ಟರ್ ಪರೀಕ್ಷೆ ಮಾಡಿ, ವೆರಿಕೋಸ್ ಇದೆ, ಕಾಲಿನ ನರದ ತೊಂದರೆ, ತೊಡೆಯವರೆಗಿನ ಸ್ಟಾಕಿಂಗ್ಸ್ ಹಾಕಬೇಕು ಎಂದು ಚೀಟಿ ಬರೆದರು. 'ಅಂಗಡಿಯಲ್ಲಿ ಅಳತೆ ಕೊಟ್ಟು ತೆಗೆದುಕೊಳ್ಳುವುದು' ಎಂದೂ ಬರೆದಿದ್ದರು.

ಅಕ್ಕ ಫೋನ್ ಮಾಡಿದಳು. "ನಿಮ್ ಕಾರವಾರದಲ್ಲಿ ಸಿಗ್ತದಂತೆ. ತಕಂಡ್ ಬಾ."

"ನೀನೇ ಬರ್ಬೇಕಲ್ಲೆ. ಅಳತೆ ಕೊಡ್ಬೇಕಂತೆ."

"ಅಂಗಡೀಲಿ ಗಂಡಸ್ರ ಮುಂದೆ ಸೀರೆ ಎತ್ಕಂಡು ನಿಲ್ಲೂದಾ? ಅಳತೆ ನಾನೇ ತೆಗ್ದು ಕಳಿಸ್ತೆ. ನನಗೆ ಅಳತೆ ತೆಗೂದು ಕಲಿಸ್ತಾರಾ ಅವರು?"

ಹೌದಲ್ಲ ಎನಿಸಿತು ನನಗೂ. ಅರ್ಧ ಗಂಟೆಯಲ್ಲಿ ವಾಟ್ಸಾಪ್‌ಗೆ ಚೀಟಿಯ ಫೋಟೋ ಬಂತು. ಹರಡು (ಪಾದದ ಗಂಟು), ಮೀನಖಂಡ, ತೊಡೆ, ಉದ್ದ. ಎಲ್ಲ ಇಂಚಿನಲ್ಲಿ, ಬ್ಲೌಸಿನ ಅಳತೆ ಬರೆಯುವ ಅದೇ ದುಂಡು ಅಕ್ಷರದಲ್ಲಿ.

ಕಾರವಾರದ ಅಂಗಡಿಯವರು ಆ ಫೋಟೋ ನೋಡಿದರು. ಡಬ್ಬಿಯ ಹಿಂದಿನ ಚಾರ್ಟ್ ನೋಡಿದರು. ಮತ್ತೆ ಫೋಟೋ ನೋಡಿದರು. "ಇದು ಬೆಳಿಗ್ಗೆ ಎದ್ದ ಕೂಡ್ಲೇ ತಗೊಂಡದ್ದಾ ಸರ್, ಸಂಜೆನಾ? ಸಂಜೆ ಕಾಲು ಬಾತಿರ್ತದೆ."

"ಗೊತ್ತಿಲ್ಲ."

"ಹಾಗಿದ್ರೆ ಅವರನ್ನೇ ಕರ್ಕೊಂಡ್ ಬನ್ನಿ ಸರ್. ಒಳಗೆ ಪರದೆ ಉಂಟು. ನಮ್ ಮನೆಯವರೇ ಅಳತೆ ತಗೊಳ್ತಾರೆ, ನಾನು ಅತ್ಲಾಗೆ ಬರುದೇ ಇಲ್ಲ."

ಆಗ ನಾನು ಹೇಳಿದ ಮಾತು ಅಕ್ಷರಶಃ ನೆನಪಿದೆ. "ನಮ್ಮ ಅಕ್ಕ ಟೇಲರ್ ಮಾರಾಯ್ರೇ. ಅವಳ ಅಳತೆ ತಪ್ಪೂದಿಲ್ಲ." ಸ್ವಲ್ಪ ಜಂಬದಿಂದಲೇ ಹೇಳಿದೆ. ಅವರು ಇನ್ನೇನೂ ಕೇಳದೆ, ಚಾರ್ಟಿನಲ್ಲಿ ಆ ಅಳತೆಗೆ ಹೊಂದುವ ಜೊತೆಯನ್ನು ಕೊಟ್ಟರು.

ಅಳತೆ ತಪ್ಪಿರಲಿಲ್ಲ. ಟೇಪು ತೋರಿಸಿದ್ದು ಸರಿಯಾಗಿಯೇ ಇತ್ತು. ಆದರೆ ಯಾವ ಟೇಲರ್ ತಾನೇ ಟೇಪು ತೋರಿಸಿದಷ್ಟನ್ನೇ ಬರೆಯುತ್ತಾರೆ? ಮೈಯ ಅಳತೆಗೆ ಲೂಸ್ ಸೇರಿಸಿ ಬರೆಯುವುದು ಅಕ್ಕನ ಮೂವತ್ತು ವರ್ಷದ ರೂಢಿ. ಕೈ ತಾನಾಗಿಯೇ ಸೇರಿಸುತ್ತದೆ. ಹರಡಿಗೆ ಒಂದು ಇಂಚು. ಮೀನಖಂಡಕ್ಕೆ ಒಂದೂವರೆ. ತೊಡೆಗೆ ಎರಡು. ಬಟ್ಟೆ ಮೈ ಕಚ್ಚಬಾರದು, ಕೂತರೆ ಹರಿಯಬಾರದು, ಅಷ್ಟೇ ಅವಳ ಲೆಕ್ಕ.

ಈ ಸ್ಟಾಕಿಂಗ್ಸ್ ಇರುವುದೇ ಮೈ ಕಚ್ಚಲಿಕ್ಕೆ ಎಂದು ಅವಳಿಗೆ ಯಾರು ಹೇಳಬೇಕಿತ್ತು?

ಹರಡಿನ ಹತ್ತಿರ ಅತಿ ಬಿಗಿ, ಮೇಲೆ ಹೋದಂತೆ ಸ್ವಲ್ಪ ಸ್ವಲ್ಪವೇ ಸಡಿಲ. ಕೆಳಗೆ ನಿಂತ ರಕ್ತವನ್ನು ಮೇಲಕ್ಕೆ ತಳ್ಳುವುದು ಆ ಬಿಗಿ. ಇದನ್ನು ನಾನು ತಿಳಿದುಕೊಂಡದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು. ತಿಳಿದುಕೊಳ್ಳಬೇಕಿದ್ದದ್ದು ಅಂಗಡಿಯ ಕೌಂಟರಿನಲ್ಲಿ.

ದೊಡ್ಡ ಸೈಜಿನದು ನಿಲ್ಲುತ್ತದೆಯೇ? ಜಾರಿತು. ಪೆಡಲ್ ತುಳಿದಾಗೆಲ್ಲ ಜಾರಿ ಮೊಣಕಾಲಿಗೆ ಬಂದು ಸುರುಳಿಯಾಗುತ್ತಿತ್ತು. ಎರಡು ವಾರ ಎಳೆದೆಳೆದು ಅಕ್ಕನಿಗೆ ಬೇಸರ ಬಂತು. ಅವಳಿಗೆ ಗೊತ್ತಿರುವ ಉಪಾಯ ಮಾಡಿದಳು. ಮೇಲಿನ ಅಂಚು ಮಡಚಿ, ಒಳಗೆ ಇಲಾಸ್ಟಿಕ್ ಪಟ್ಟಿ ತೂರಿಸಿ, ಎರಡು ಹೊಲಿಗೆ ಹಾಕಿದಳು. ಗಟ್ಟಿ ಇಲಾಸ್ಟಿಕ್, ಗಟ್ಟಿ ಹೊಲಿಗೆ. ಅವಳ ಕೆಲಸದಲ್ಲಿ ಯಾವತ್ತೂ ತಪ್ಪು ಹುಡುಕುವ ಹಾಗಿಲ್ಲ.

ಕೆಳಗೆ ಸಡಿಲ, ಮೇಲೆ ಬಿಗಿ. ಪೂರ್ತಿ ತಲೆಕೆಳಗು.

ಶನಿವಾರ ಯಾರದೋ ಮದುವೆಯ ಬ್ಲೌಸುಗಳು. ದಿನವಿಡೀ ಮಷಿನ್ ಬಿಟ್ಟೇಳಲಿಲ್ಲ. ಸಂಜೆ ತೆಗೆಯಲು ಹೋದರೆ ಎಡಗಾಲು ಬಾತು ಇಲಾಸ್ಟಿಕ್ ಒಳಗೇ ಹೂತುಹೋಗಿತ್ತು. ಬೆಳಗಾದರೆ ಬಾವು ಇಳಿಯುತ್ತದೆಂದು ಹಾಗೇ ಮಲಗಿದಳು. ಬೆಳಿಗ್ಗೆ ವಿದ್ಯಾ ಫೋನ್ ಮಾಡಿದಳು. "ಮಾಮಾ, ಆಯಿಗೆ ಕಾಲು ಊರ್ಲಿಕ್ಕೇ ಆಗೂದಿಲ್ಲ. ನನಗೂ ತೋರ್ಸೂದಿಲ್ಲ, ಕೋಣೆ ಬಾಗ್ಲು ಹಾಕ್ಕಂಡಿದ್ದಾಳೆ." ಕಾರವಾರದ ಪಕ್ಕದ ಸದಾಶಿವಗಡದ ನನ್ನ ಮನೆಯಿಂದ ಬೈಕ್ ಹತ್ತಿದೆ. ದಾರಿ ಒಂದು ಗಂಟೆಯದು. (ಆಂಬುಲೆನ್ಸ್ ಕರೆಸು ಎಂದು ಅವಳಿಗೆ ಹೇಳಬೇಕಿತ್ತು. ಹೊಳೆಯಲಿಲ್ಲ.)

ನಾನು ಹೋಗಿ ಕೂಗಿದ ಮೇಲೆ ಅಕ್ಕ ಗೋಡೆ ಹಿಡಿದು ಒಂಟಿಕಾಲಲ್ಲಿ ಬಂದು ಬಾಗಿಲು ತೆಗೆದಳು. ಬಹಳ ಹೊತ್ತು ಸೀರೆಯ ಅಂಚು ಬಿಡಲಿಲ್ಲ. "ತಮ್ಮನ ಮುಂದೆ..." ಎಂದಳು. ವಿದ್ಯಾ ಅವಳ ಎರಡೂ ಕೈ ಹಿಡಿದುಕೊಂಡಳು. ನಾನು ಹೊಲಿಗೆ ಬಿಚ್ಚಲಿಲ್ಲ, ಇಲಾಸ್ಟಿಕ್ಕಿಗೇ ಕತ್ತರಿ ಹಾಕಿದೆ. ಟಪ್ ಎಂದು ಬಿಟ್ಟುಕೊಂಡಿತು. ಅದಿದ್ದ ಜಾಗದಲ್ಲಿ ಬೆರಳು ಇಡುವಷ್ಟು ಆಳದ ಗೆರೆ.

ಆಮೇಲೆ ಸ್ಟಾಕಿಂಗ್ಸ್ ಕೆಳಗಿಳಿಸಿದೆವು. ನಾನು ಬೆಚ್ಚಿದ್ದು ಆಗ.

ತೊಡೆಯಿಂದ ಹರಡಿನವರೆಗೆ ನೀಲಿ ನರಗಳು, ಹಗ್ಗದ ಹಾಗೆ ಗಂಟುಗಂಟಾಗಿ ಎದ್ದು ನಿಂತಿದ್ದವು. ಹರಡಿನ ಸುತ್ತ ಚರ್ಮ ಕಪ್ಪಾಗಿತ್ತು. ಅಲ್ಲೇ ಎಂದೋ ಹುಣ್ಣಾಗಿ ಮಾಯ್ದ ಕಲೆ, ರೂಪಾಯಿಯಗಲ. ಇದು ಒಂದು ದಿನದ್ದಲ್ಲ, ಒಂದು ವರ್ಷದ್ದೂ ಅಲ್ಲ.

"ಯಾವಾಗಿಂದ?" ಎಂದು ಕೇಳಿದೆ.

"ವಿದ್ಯಾ ಹುಟ್ಟಿದಾಗಿಂದ," ಎಂದಳು ಅಕ್ಕ, ಗೋಡೆಯ ಕಡೆ ನೋಡುತ್ತ.

ವಿದ್ಯಾಳಿಗೆ ಇಪ್ಪತ್ತೇಳು. ಅಷ್ಟು ವರ್ಷ ಚೌತಿಗೂ ದೀಪಾವಳಿಗೂ ನಾನು ಅಕ್ಕನ ಕಾಲಿಗೆ ನಮಸ್ಕಾರ ಮಾಡಿದ್ದೇನೆ. ಆ ಕಲೆ ನನ್ನ ಹಣೆಯಿಂದ ನಾಲ್ಕು ಬೆರಳು ದೂರದಲ್ಲಿತ್ತು.

"ಕಾಲು ಹೇಗಿದೆ?" ಎಂದರೆ "ಚೂರು ಜೋಮು ಹಿಡೀತದೆ, ಅಷ್ಟೇಯ" ಎನ್ನುತ್ತಿದ್ದಳು. ಬಟ್ಟೆಯ ಅಳತೆಗೆ ಎರಡು ಇಂಚು ಸೇರಿಸುವವಳು ನೋವಿನ ಅಳತೆಯಿಂದ ಎಷ್ಟು ಕಳೆದು ಹೇಳುತ್ತಿದ್ದಳೋ. ನಾವು ಅವಳು ಹೇಳಿದಷ್ಟನ್ನೇ ಬರೆದುಕೊಂಡೆವು.

ಕಾರವಾರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಮೀನಖಂಡದ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರ್. ಅದು ಕಳಚಿ ಮೇಲಕ್ಕೆ ಹೋಗಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯವಂತೆ. ಅವರು ಅದನ್ನು ಸಾವಧಾನವಾಗಿ, ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. ನಾನು ಚಿತ್ರವನ್ನೇ ನೋಡುತ್ತಿದ್ದೆ. ತಲೆಗೆ ಏನೂ ಹೋಗಲಿಲ್ಲ. ಜಂಬದಿಂದ ಆಡಿದ ಒಂದು ಮಾತು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದೊಂದೇ ತಲೆಯಲ್ಲಿತ್ತು.

ಇಂಜೆಕ್ಷನ್ ಶುರುವಾಯಿತು. ಬೆರಳುಗಳಿಗೆ ಬಣ್ಣ ಮರಳಿತು. ಬುಧವಾರದ ಹೊತ್ತಿಗೆ ಬಾವು ಸಾಕಷ್ಟು ಇಳಿದಿತ್ತು. ಡಾಕ್ಟರ್ ಪಾದದ ನಾಡಿ ಮುಟ್ಟಿ ನೋಡಿ, ಈಗ ಸರಿಯಾದ ಸ್ಟಾಕಿಂಗ್ಸ್ ಹಾಕಬಹುದು ಎಂದರು.

ಗುರುವಾರ ಬೆಳಿಗ್ಗೆ, ಅಕ್ಕ ಹಾಸಿಗೆಯಿಂದ ಇಳಿಯುವ ಮೊದಲೇ ನರ್ಸಮ್ಮ ಟೇಪು ಹಿಡಿದು ಬಂದರು. ಹರಡಿನ ಗಂಟಿನ ಮೇಲೆ, ಕಾಲು ಅತಿ ಸಣ್ಣಗಿರುವ ಕಡೆ ಪೆನ್ನಿನಿಂದ ಒಂದು ಗುರುತು. ಮೀನಖಂಡದ ಅತಿ ದಪ್ಪ ಜಾಗದಲ್ಲಿ ಒಂದು. ತೊಡೆಯ ಮೇಲೆ ಇನ್ನೊಂದು. ಹಿಮ್ಮಡಿಯಿಂದ ಉದ್ದ. ಎರಡೂ ಕಾಲಿಗೆ ಬೇರೆ ಬೇರೆ.

ಅಕ್ಕ ಟೇಪನ್ನೇ ನೋಡುತ್ತಿದ್ದಳು. ಕೊನೆಗೆ ತಡೆಯಲಾಗಲಿಲ್ಲ. "ಚೂರು ಲೂಸ್ ಸೇರ್ಸಿ ಬರೀರಿ ನರ್ಸ್‌ಬಾಯಿ."

"ಇದಕ್ಕೆ ಲೂಸ್ ಇಲ್ಲ ಅಕ್ಕಾ. ಬ್ಲೌಸ್ ಅಲ್ಲ ಇದು."

ಮಧ್ಯಾಹ್ನ ಹೊಸ ಜೊತೆ ಬಂತು. ನರ್ಸಮ್ಮ ರಬ್ಬರ್ ಗ್ಲೌಸ್ ಹಾಕಿ, ಹಿಮ್ಮಡಿಯವರೆಗೆ ಒಳಮೈ ಹೊರಗೆ ಮಾಡಿ, ಪಾದ ಕೂರಿಸಿ, ಮೇಲಿನ ಅಂಚು ಹಿಡಿದು ಎಳೆಯದೆ ಅಂಗೈಯಿಂದ ಇಷ್ಟಿಷ್ಟೇ ಸವರುತ್ತ ಏರಿಸಿದರು. ಒಂದು ಕಾಲಿಗೆ ಐದು ನಿಮಿಷ ಹಿಡಿಯಿತು. ಎಲ್ಲೂ ಸುಕ್ಕಿಲ್ಲ, ಮಡಿಕೆಯಿಲ್ಲ. ಎಂದೂ ಮಡಚಬೇಡಿ, ಉಂಗುರದ ಹಾಗೆ ಬಿಗಿಯುತ್ತದೆ ಎಂದು ಎರಡು ಸಲ ಹೇಳಿದರು.

ಹೊರಡುವ ಮುಂಚೆ ವಿದ್ಯಾಳ ಕಡೆ ತಿರುಗಿ ಕೇಳಿದರು, "ನೀವು ಏನ್ ಮಾಡ್ತೀರಿ?"

"ಹೈಸ್ಕೂಲಿನಲ್ಲಿ ಟೀಚರು."

"ದಿನಾ ನಿಂತೇ ಪಾಠ ಅಲ್ವಾ? ಇದು ತಾಯಿಯಿಂದ ಮಕ್ಕಳಿಗೂ ಬರ್ಬಹುದು. ನಿಮ್ಮ ಕಾಲು ಹೇಗುಂಟು?"

"ನನ್ನದು ಸರಿ ಉಂಟು," ಎಂದಳು ವಿದ್ಯಾ. ಆದರೆ ಕಾಲುಗಳನ್ನು ನಿಧಾನ ಸ್ಟೂಲಿನ ಅಡಿಗೆ ಎಳೆದುಕೊಂಡಳು. ನಾನು ನೋಡಿದೆ. ಅಕ್ಕನೂ ನೋಡಿದಳು.

"ಪ್ಯಾಂಟ್ ಮೇಲೆ ಮಾಡು," ಎಂದಳು ಅಕ್ಕ.

"ಆಯೀ, ಇಲ್ಲಾ?"

"ಇಲ್ಲೇ."

ಎಲ್ಲರೂ ಮಾಡುವಂತೆ, ಮರ್ಯಾದೆಯಿಂದ, ನಾನು ಹೊರಗೆ ಹೋಗಲು ಎದ್ದೆ.

"ನೀ ಎಲ್ಲಿಗೆ ಹೊರಟೆ?" ಎಂದಳು ಅಕ್ಕ. "ಕೂತ್ಕ. ನೀನೂ ನೋಡು."

ಕೂತೆ. ನಿಮ್ಮ ಮನೆಯಲ್ಲಿ ಹೀಗೆ ಎದ್ದು ಹೊರಗೆ ಹೋಗುವವರು ಯಾರು?