ಅಂಗೈಯ ಒಂದೇ ಗೆರೆ

ಅಕ್ಕನ ಮಗಳ ಅಂಗೈಯಲ್ಲಿ ಅಡ್ಡಕ್ಕೆ ಒಂದೇ ಗೆರೆಯಿತ್ತು. ನಮಗೆಲ್ಲ ಎರಡಿರುವ ಕಡೆ ಅವಳಿಗೆ ಒಂದು, ಈ ಕೊನೆಯಿಂದ ಆ ಕೊನೆಗೆ. ಮಗು ಹುಟ್ಟಿದ ತಿಂಗಳಲ್ಲೇ ಅಕ್ಕನ ಅತ್ತೆ ಆ ಗೆರೆ ನೋಡಿ, ಇದು ಗ್ರಹಣದ ದಿನ ಕುಯ್ದ ಗುರುತು ಅಂದುಬಿಟ್ಟರು. ಆ ಮಾತನ್ನು ಅಳಿಸಬಹುದಾಗಿದ್ದವನು ನಾನೊಬ್ಬ. ನಾನು ಅಳಿಸಲಿಲ್ಲ.

ಕುಯ್ಯಲು ಕೊಟ್ಟವನೂ ನಾನೇ. ಅಕ್ಕ ಏಳು ತಿಂಗಳ ಬಸುರಿ, ಹೆರಿಗೆಗೆಂದು ಹಾರನಹಳ್ಳಿ ಹತ್ತಿರದ ನಮ್ಮೂರಿಗೆ ಬಂದಿದ್ದಳು. ಸೂರ್ಯಗ್ರಹಣ ಹಿಡಿಯುವ ಹೊತ್ತಿಗೆ ಅವ್ವ ನೀರಿನ ಬಿಂದಿಗೆಗೆ ಗರಿಕೆ ಹಾಕಿ, ಅಕ್ಕನನ್ನು ಒಳಕೋಣೆಯಲ್ಲಿ ಕೂರಿಸಿ, ಏನನ್ನೂ ಕುಯ್ಯಬೇಡ, ಮುರಿಯಬೇಡ ಎಂದು ಹೇಳಿ ಹೋದಳು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಕಣ್ಣು ನೆತ್ತಿಗೇರಿದ್ದ ಕಾಲ. ಸೌತೆಕಾಯಿಯನ್ನೂ ಈಳಿಗೆಮಣೆಯನ್ನೂ ಅವಳ ಮುಂದಿಟ್ಟು, "ಕುಯ್ಯಿ, ಏನೂ ಆಗಕಿಲ್ಲ ಕಣಕ್ಕ" ಅಂದೆ. ಕುಯ್ದಳು. ಇಬ್ಬರೂ ಉಪ್ಪುಖಾರ ಹಚ್ಚಿಕೊಂಡು ಕದ್ದು ತಿಂದೆವು, ಅವ್ವನಿಗೆ ಕೇಳಿಸದಂತೆ ಬಾಯಿ ಮುಚ್ಚಿಕೊಂಡು ನಕ್ಕೆವು.

ಮಗು ಹುಟ್ಟಿತು. ಮೇಲಕ್ಕೆ ಓರೆಯಾದ ಪುಟ್ಟ ಕಣ್ಣು, ನಿಲ್ಲದ ಕತ್ತು. ಅತ್ತೆ ಕೆದಕಿ ಕೆದಕಿ ಕೇಳಿದಾಗ ಅಕ್ಕ, ಹೌದು, ಸೌತೆಕಾಯಿ ಕುಯ್ದೆ ಎಂದು ಒಪ್ಪಿಕೊಂಡಳು. ಕೊಟ್ಟವರು ಯಾರೆಂದು ಹೇಳಲಿಲ್ಲ. ನಾನು ಬಾಗಿಲ ಹತ್ತಿರ ಬಾಯಿಗೆ ಕಡುಬು ತುರುಕಿಕೊಂಡವನಂತೆ ನಿಂತಿದ್ದೆ.

ಡಾಕ್ಟರು ಮಾಡಿಸಿದ ರಕ್ತಪರೀಕ್ಷೆಯ ಕಾಗದ ಇಂಗ್ಲಿಷಿನಲ್ಲಿತ್ತು. ಭಾವ ಅದನ್ನು ಓದಿ ಹೇಳೆಂದು ನನ್ನ ಕೈಗೆ ಕೊಟ್ಟರು. ನಲವತ್ತಾರು ಇರಬೇಕಾದ ವರ್ಣತಂತುಗಳು ನಲವತ್ತೇಳು. ಇಪ್ಪತ್ತೊಂದನೆಯದು ಎರಡರ ಬದಲು ಮೂರು. ಅಂಡವೋ ವೀರ್ಯಾಣುವೋ ತಯಾರಾಗುವಾಗ ಒಂದು ಜೋಡಿ ಬೇರ್ಪಡದೆ ಹಾಗೇ ಉಳಿದಿದೆ. ಅಂದರೆ ಆ ಸೌತೆಕಾಯಿ ಬಳ್ಳಿಯಲ್ಲಿ ಹೂವಾಗುವ ಮೊದಲೇ ಎಲ್ಲ ಆಗಿಹೋಗಿತ್ತು. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ ಗ್ರಹಣದ ಮಾತು ಬರುತ್ತದೆ, ಈಳಿಗೆಮಣೆ ತಂದುಕೊಟ್ಟವನು ಯಾರೆಂಬ ಮಾತೂ ಬರುತ್ತದೆ. "ಹುಟ್ಟಿನಿಂದ ಬಂದದ್ದು, ಭಾವ" ಎಂದಷ್ಟೇ ಹೇಳಿ, ಕಾಗದ ಮಡಚಿ ಕೊಟ್ಟೆ. ಹೇಡಿ ನಾನು. ಅಕ್ಕ ಇನ್ನೊಂದು ಮಗು ಬೇಡವೆಂದಳು, ಸೌತೆಕಾಯಿಯನ್ನಂತೂ ಮತ್ತೆ ಮುಟ್ಟಲಿಲ್ಲ.

ಆಮೇಲೆ ಹುಣಸೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರಾದೆ. ಒಂದೇ ತಂತುವಿನ ಮೇಲೆ ಹತ್ತಿರ ಹತ್ತಿರ ಕೂತ ಜೀನುಗಳು ಸಾಮಾನ್ಯವಾಗಿ ಜೊತೆಯಲ್ಲೇ ಮಕ್ಕಳಿಗೆ ಹೋಗುತ್ತವೆ ಎಂದು ಒಂದು ದಿನ ಹೇಳಿ, ಮಾರನೆಯ ದಿನ ತಂತುಗಳ ಸಂಖ್ಯೆ ತಪ್ಪುವ ಪಾಠಕ್ಕೆ ಬರುತ್ತಿದ್ದೆ. ಪ್ರತಿವರ್ಷ ಯಾರಾದರೊಬ್ಬಳು ಗ್ರಹಣದ ವಿಚಾರ ಕೇಳಿಯೇ ಕೇಳುತ್ತಿದ್ದಳು. ತಾಯಿ ಏನು ಕುಯ್ದರೂ ಏನು ತಿಂದರೂ ಇದಕ್ಕೆ ಸಂಬಂಧವಿಲ್ಲ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಅಲ್ಲಿಂದ ಅರ್ಧ ಗಂಟೆಯ ದಾರಿ, ಗುರುಪುರದ ಕಡೆ, ಅಕ್ಕನ ಮನೆ. ಭಾನುವಾರ ಹೋದರೆ ಮಗಳು ಓಡಿಬಂದು, ತನ್ನ ಅಂಗೈಯನ್ನು ನನ್ನ ಅಂಗೈಗೆ ಒತ್ತಿ ಪಕ್ಕದಲ್ಲೇ ಕೂರುತ್ತಿದ್ದಳು. ಹೊಗೆಸೊಪ್ಪಿನ ಕಾಲದಲ್ಲಿ, ಬೇಯಿಸಿ ಒಣಗಿಸಲೆಂದು ಸೊಪ್ಪನ್ನು ಕಡ್ಡಿಗೆ ಕಟ್ಟುವವರಿಗೆ ಹಸಿ ಎಲೆಗಳನ್ನು ಎರಡೆರಡು ಜೋಡಿಸಿ ಕೊಡುವುದು ಅವಳ ಕೆಲಸ. ಒಂದು ದಿನವೂ ಮೂರು ಎಲೆ ಕೊಟ್ಟವಳಲ್ಲ.

ಅವಳ ಹೃದಯದಲ್ಲಿ ಹುಟ್ಟಿನಿಂದಲೇ ಒಂದು ರಂಧ್ರವಿತ್ತು. ಹೋದ ವರ್ಷ, ಹತ್ತೊಂಬತ್ತು ತುಂಬುವ ಮೊದಲೇ ಹೋಗಿಬಿಟ್ಟಳು.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಕ್ಕ ಮಗಳ ಬಾಚಣಿಗೆ ಹಿಡಿದು ಜಗಲಿಯಲ್ಲಿ ಕೂತಿದ್ದಳು. ಆಗ ಹೇಳಿದೆ, ಎಲ್ಲವನ್ನೂ. ಆ ಕಾಗದದಲ್ಲಿದ್ದದ್ದು, ಎರಡರ ಜಾಗದಲ್ಲಿ ಮೂರಾದದ್ದು, ಅಂಗೈಯ ಗೆರೆ ಬಂದದ್ದೂ ಅದರಿಂದಲೇ ಎಂಬುದು, ಗೊತ್ತಿದ್ದೂ ನಾನು ಸುಮ್ಮನಿದ್ದದ್ದು. ಅಕ್ಕ ಬಾಚಣಿಗೆಗೆ ಸಿಕ್ಕಿದ್ದ ಕೂದಲು ಬಿಡಿಸುತ್ತ ಕೇಳಿಸಿಕೊಂಡಳು. ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ದಿನಾ ತಲೆ ಬಾಚೋವಾಗ ಅವ್ಳ ಕೈ ಇಡ್ಕಂಡು, ತಪ್ಪಾಯ್ತು ಕಣವ್ವ ಅಂತಿದ್ದೆ," ಅಂದಳು. "ಅದ್ಕೇನ್ ಗೊತ್ತಾಯ್ತಿತ್ತು, ನಗ್ತಿತ್ತು. ನೀನು ಮೊದ್ಲೇ ಹೇಳಿದ್ರೆ, ಒಂದಿನನಾದ್ರೂ ಸುಮ್ಕೆ ತಲೆ ಬಾಚ್ತಿದ್ದೆ ಕಣಪ್ಪ."