ಮುಟ್ಟದೆ ತಳ್ಳುವ ಬಲ

ಕೇಳ್ರಮ್ಮ, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇವತ್ತು ವಿಜ್ಞಾನದ ಪಾಠವಾಯಿತು. ಅಮೆರಿಕದ ಡೌನರ್ಸ್ ಗ್ರೋವ್‌ನ ಮಗನ ಮನೆಯಲ್ಲಿ ಬೆಳಿಗ್ಗೆ ಮಡಿಯುಟ್ಟು ಅಡುಗೆಗೆ ನಿಂತಿದ್ದೆ. ಎಂಟು ವರ್ಷದ ಮೊಮ್ಮಗಳು ಸುಧಾ ನೇರಳೆ ಶಾಯಿಯ ಹೋಂವರ್ಕ್ ಹಾಳೆ ಹಿಡಿದು ಟೇಬಲ್ಲಿಗೆ ಕೂತಿದ್ದಳು.

"ಮುಟ್ಟಿ ತಳ್ಳೋದು ಒಂದು ಬಲ, ಅತ್ತೆ. ಮುಟ್ಟದೇನೂ ತಳ್ಳೋ ಬಲ ಇದೆ, ಮ್ಯಾಗ್ನೆಟ್ ಥರ," ಎಂದಳು ಸೊಸೆ.

"ಮುಟ್ಟದೆ ಯಾವುದಾದ್ರೂ ಅಲ್ಲಾಡತ್ತೇನೆ? ಬರೀ ಸುಳ್ಳು!" ಎಂದೆ.

ತೋರಿಸಲು ಸುಧಾ ಎರಡು ಮ್ಯಾಗ್ನೆಟ್ ಹಿಡಿದು ನನ್ನತ್ತ ಓಡಿ ಬಂದಳು. "ಏಯ್, ಮಡೀಲಿದೀನಿ, ದೂರ ಹೋಗು!" ಎಂದು ಗದರಿದೆ. ಮಗು ಬೆಚ್ಚಿ ಎರಡು ಹೆಜ್ಜೆ ಹಿಂದೆ ಹಾರಿತು. ಆಮೇಲೆ ಕೂತು ಹಾಳೆಯಲ್ಲಿ ಏನೋ ಬರೆಯಿತು.

ಸಂಜೆ ಶಾಲೆಯಿಂದ ಬಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತು ಹಾಳೆ ಎತ್ತಿ ತೋರಿಸಿದಳು. ಮುಟ್ಟದೆ ತಳ್ಳುವವುಗಳ ಪಟ್ಟಿಯಲ್ಲಿ ಮ್ಯಾಗ್ನೆಟ್ಟಿನ ಕೆಳಗೆ ಇಂಗ್ಲಿಷಿನಲ್ಲಿ "ಅಜ್ಜಿ" ಎಂದು ಬರೆದಿದ್ದಾಳೆಂದು ಸೊಸೆ ಓದಿ ಹೇಳಿದಳು.

"ಬಾರೇ ಪುಟ್ಟಿ, ಈಗ ಮಡಿ ಇಲ್ಲ," ಎಂದು ಕೈ ಚಾಚಿದೆ.

"ನೋ ಅಜ್ಜಿ, ಇಟ್ಸ್ ಓಕೆ," ಎಂದು ಅಲ್ಲೇ ನಿಂತಳು.

ಟೀಚರಮ್ಮ ಪಕ್ಕದಲ್ಲಿ ಸರಿ ಗುರುತು ಬೇರೆ ಹಾಕಿದ್ದಾಳೆ. ಅದೊಂದನ್ನಾದರೂ ತಪ್ಪು ಅನ್ನಬಾರದಿತ್ತೇ ಆ ಮಹಾತಾಯಿ?